ಮಿತವ್ಯಯದಲ್ಲಿ ಅಡಿಗೆಮನೆಯ ಸುಧಾರಣೆ

ಗೋಪುರವನ್ನು ಕಟ್ಟಲು ಹೊರಟು, ಮೊದಲು ಕುಳಿತು ಖರ್ಚನ್ನು ಎಣಿಸದೆ, ಅಸ್ತಿವಾರ ಹಾಕಿದ ಮೇಲೆ ಕೆಲಸ ಮುಗಿಸಲಾರದೆ ನೋಡುವವರ ನಗೆಗೆ ಈಡಾಗುವ ಮನುಷ್ಯನ ದೃಷ್ಟಾಂತವು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿರುವದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಗೋಪುರ ಕಟ್ಟುವ ಪ್ರಸಂಗವು ನಮ್ಮಲ್ಲಿ ಯಾರಿಗೂ ಬರುವಂತಿಲ್ಲ; ಅಡಿಗೆಮನೆಯನ್ನು ಕಿತ್ತು ಹೊಸದಾಗಿ ಮಾಡಿಸುವ ಪ್ರಸಂಗವಾದರೋ ಬಹುಮಟ್ಟಿಗೆ ಎಲ್ಲ ಗೃಹಿಣಿಯರಿಗೂ ಒಮ್ಮೆ ಬರುವದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು, ಸ್ವಲ್ಪ ಹಣದಲ್ಲಿ ಈ ಕಾರ್ಯವನ್ನು ಸಾಗಿಸುವ ಬಗೆಯನ್ನು ಹೇಳಲು ಯತ್ನಿಸುವೆವು.

ಹಣವನ್ನು ಯಾತಕ್ಕೆ ಮೊದಲು ವೆಚ್ಚ ಮಾಡತಕ್ಕದ್ದು? ಹೊಗೆಯು ಹೊರಗೆ ಹೋಗುವದಕ್ಕೆ, ಎಂದು ನಾವು ಸಂಶಯವಿಲ್ಲದೆ ಹೇಳುವೆವು. ಗೋಡೆಗೆ ಹೊಳೆಯುವ ಬಿಲ್ಲೆಗಳನ್ನು ಅಂಟಿಸುವದು ಕಟ್ಟಕಡೆಯ ಮಾತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಅವರಲ್ಲಿ 5 ವರ್ಷದೊಳಗಿನ ಕೂಸುಗಳು 2 ಲಕ್ಷಕ್ಕೂ ಹೆಚ್ಚು. ಒಲೆಯ ಮುಂದೆ ಕುಳಿತ ತಾಯಿಯ ಕಣ್ಣುರಿಯನ್ನೂ ಕೆಮ್ಮನ್ನೂ ನಾವು ಅಡಿಗೆಯ ಸಹಜ ಅಂಗವೆಂದೇ ಬಹುಕಾಲ ಎಣಿಸಿದ್ದೆವು.

ನಮ್ಮ ಹಿರಿಯರು ಈ ವಿಷಯದಲ್ಲಿ ಕೇವಲ ಅಜ್ಞರಾಗಿದ್ದರೆಂದು ತಿಳಿಯಬಾರದು. ಎರೆಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿಯನ್ನು ಬಿಡುತ್ತಿದ್ದರು; ಬೆಳಕು ಇಳಿಯುವದೂ ಹೊಗೆ ಏರುವದೂ ಅದೊಂದೇ ದಾರಿಯಿಂದ. ಮಳೆ ಹೆಚ್ಚಾದ ಕಿತ್ತೂರ ಕಡೆಯಲ್ಲಿ ಹೆಂಚಿನ ಸಂದುಗಳೇ ಆ ಕೆಲಸವನ್ನು ಮಾಡುತ್ತಿದ್ದವು. (ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹೆಂಚು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತೆಂಬದನ್ನು ಇಲ್ಲಿ ನೆನೆಯಬಹುದು.) ಕೇಡು ಒದಗಿದ್ದು ಅನಂತರ. ಮಾಳಿಗೆಯನ್ನೂ ಹೆಂಚನ್ನೂ ತೆಗೆದು ಕಾಂಕ್ರೀಟಿನ ಚಾವಣಿ ಹಾಕಿಸುವವರು ಬೆಳಕಿಂಡಿಯನ್ನು ಮುಚ್ಚಿಬಿಡುವರು, ಒಲೆಯನ್ನು ಮಾತ್ರ ಇದ್ದಲ್ಲಿಯೇ ಇಡುವರು. ಮನೆಯು ನೋಟಕ್ಕೆ ಚೆಂದವಾಯಿತು. ಹೊಗೆಯು ಒಳಗೇ ಉಳಿಯಿತು.

ಈಗ ಬಹು ಮನೆಗಳಿಗೆ ಗ್ಯಾಸಿನ ಒಲೆ ಬಂದಿದೆಯಲ್ಲಾ ಎಂದು ಕೆಲವರು ಕೇಳಬಹುದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಸಿಲಿಂಡರು ಬಂದದ್ದು ನಿಜವೇ. ಆದರೆ ಸಿಲಿಂಡರನ್ನು ಮತ್ತೆ ಮತ್ತೆ ತುಂಬಿಸುವ ಖರ್ಚಿಗೆ ಅಂಜಿ, ಸ್ನಾನದ ನೀರಿಗೂ ರೊಟ್ಟಿಗೂ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳುಗಳನ್ನು ಉರಿಸುವ ಮನೆಗಳು ಇನ್ನೂ ಉಂಟು. ಅಂಥವರು ಒಲೆಗೆ ಹೊಗೆಗೊಳವೆಯನ್ನು ಇಡಿಸಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಮೂರು ಪಾತ್ರೆಗಳ ಒಲೆಯೊಂದನ್ನು ರೂಪಿಸಿದರು. ಅದರಲ್ಲಿ ಉರಿಯು ಮುಚ್ಚಿದ ಗೂಡಿನೊಳಗೆ ಜಾಲರಿಯ ಮೇಲೆ ಉರಿದು, ಅದರ ಬಿಸಿಯು ಮೂರೂ ಪಾತ್ರೆಗಳ ತಳವನ್ನು ಮುಟ್ಟಿದ ಮೇಲೆ ಹೊಗೆಯು ಕೊಳವೆಯಿಂದ ಮೇಲೇರುವದು, ಕಟ್ಟಿಗೆಯೂ ಉಳಿಯುವದು. ಸರಕಾರವು 1983ರಲ್ಲಿ ಆರಂಭಿಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶದ ತುಂಬ ಇಂಥ ಹಲವು ಬಗೆಯ ಒಲೆಗಳನ್ನು ಹಾಕಿಸಿದರು. 2002ರಲ್ಲಿ ಆ ಕಾರ್ಯಕ್ರಮವು ನಿಂತಿತು. ಹಾಕಿಸಿದ ಒಲೆಗಳಲ್ಲಿ ಅನೇಕವು ಬೇಗ ಕೆಟ್ಟುಹೋದವು. ಅಳತೆ ತಪ್ಪಿ ಕಟ್ಟಿದ್ದು ಒಂದು ಕಾರಣ. ಕೊಳವೆಯೊಳಗಿನ ಮಸಿಯನ್ನು ಯಾರೂ ತೆಗೆಯದಿದ್ದದ್ದು ಇನ್ನೊಂದು. ಆದದರಿಂದ ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಒಂದು ಸಣ್ಣ ಬಾಯಿಯನ್ನು ಬಿಡಿಸಿ, ತುದಿಯನ್ನು ಮಾಳಿಗೆಯ ಕುಂಬಿಗಿಂತ ಎರಡಡಿ ಮೇಲಕ್ಕೆ ಒಯ್ಯಿಸಿರಿ. ಮಣ್ಣಿನ ಮಾಳಿಗೆಯಾದರೆ ಕೊಳವೆಯ ಸುತ್ತ ಗಚ್ಚಿನ ಕಟ್ಟು ಬೇಕು. ಇಲ್ಲವಾದರೆ ಮೊದಲನೆಯ ಮಳೆಯೇ ಒಲೆಯನ್ನು ಆರಿಸುವದು.

ಗ್ಯಾಸನ್ನು ಉಪಯೋಗಿಸುವವರು ಒಂದು ಮಾತನ್ನು ನೆನಪಿಡತಕ್ಕದ್ದು. ಅದು ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲಕ್ಕೆ ಇಳಿದು ಅಲ್ಲಿಯೇ ನಿಲ್ಲುವದು. ಮೇಲಿನ ಕಿಡಿಕಿಯೊಂದೇ ಸಾಲದು, ನೆಲದ ಮಟ್ಟದಲ್ಲಿಯೂ ಗಾಳಿಗೆ ಕಿಂಡಿ ಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದಲ್ಲಿಡಬೇಕು.

ಹೊಗೆಯ ತರುವಾಯ ನೀರು. ಕಿತ್ತೂರ ಕೋಟೆಯೊಳಗಿನ ಅರಮನೆಯ ಅವಶೇಷಗಳನ್ನು ನೋಡಲು ಹೋದವರು ಅಲ್ಲಿಯ ಸ್ನಾನಗೃಹಗಳನ್ನೂ ನೀರು ಹರಿಯುವ ಏರ್ಪಾಡನ್ನೂ ಗಮನಿಸಿರಬಹುದು. ಕಟ್ಟಿದವರು ನೀರು ಬರುವ ಹೋಗುವ ದಾರಿಗಳನ್ನು ಮೊದಲೇ ಯೋಚಿಸಿದ್ದರೆಂಬದು ಸ್ಪಷ್ಟ. ನಮ್ಮವರು ಫರಸಿ ಹಾಸಿದ ಮೇಲೆ ಮೋರಿಯನ್ನು ನೆನೆಸಿಕೊಂಡು ಅದೇ ಫರಸಿಯನ್ನು ಒಡೆಯಿಸುವರು! ನೆಲವು ಮೋರಿಯ ಕಡೆಗೆ ಎಂಟು ಅಡಿಗೆ ಒಂದು ಅಂಗುಲದಷ್ಟಾದರೂ ಇಳಿದಿರಬೇಕು. ಬೈಲಹೊಂಗಲದ ಸುತ್ತಲಿನ ಎರೆಭೂಮಿಯಲ್ಲಿ ಇನ್ನೊಂದು ತೊಡಕುಂಟು. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವದರಿಂದ ಅದರ ಮೇಲೆ ನೇರವಾಗಿ ಹಾಸಿದ ನೆಲವು ಬಿರಿಯದೆ ಇರದು. ಎರೆಯನ್ನು ಸಾಧ್ಯವಾದಷ್ಟು ಅಗೆದು ತೆಗೆದು, ಗರಸು ತುಂಬಿ ಚೆನ್ನಾಗಿ ಧಮ್ಮಸು ಮಾಡಿಸಿದ ಮೇಲೆಯೇ ಫರಸಿ ಹಾಸತಕ್ಕದ್ದು. ರಾಮದುರ್ಗದವರಿಗೆ 2019ರ ಅಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಮನೆಗಳನ್ನು ಹೊಕ್ಕದ್ದು ನೆನಪಿರುವದು. ನದಿಯ ಸಮೀಪದಲ್ಲಿರುವವರು ಹೊಟ್ಟಿನ ಹಲಗೆಯ ಕಪಾಟುಗಳನ್ನು ಮಾಡಿಸಿದರೆ ಒಂದೇ ನೆರೆಗೆ ಅವು ಉಬ್ಬಿ ಒಡೆಯುವವು. ಗೋಡೆಯೊಳಗಿನ ಮಾಡಗಳೂ ಕಲ್ಲಿನ ಹಲಗೆಗಳೂ ತೊಳೆದರೆ ಮತ್ತೆ ಮೊದಲಿನಂತಾಗುವವು, ಅಗ್ಗವೂ ಹೌದು.

ಇನ್ನು ಹಣದ ಲೆಕ್ಕ. ಒಂದು ಕುಟುಂಬವು 60,000 ರೂಪಾಯಿಗಳನ್ನು ಕೂಡಿಸಿದೆಯೆಂದು ಭಾವಿಸೋಣ. ಅದರಲ್ಲಿ 6,000ವನ್ನು ಮೊದಲೇ ಬೇರೆ ತೆಗೆದಿಟ್ಟು ಇಲ್ಲವೆಂದೇ ತಿಳಿಯತಕ್ಕದ್ದು. ಹಳೆಯ ಗೋಡೆಯನ್ನು ಕೆದರಿದಾಗ ಗೆದ್ದಲೋ, ಸಡಿಲ ಕಲ್ಲೋ, ಕೊಳೆತ ಚೌಕಟ್ಟೋ ಹೊರಬೀಳುವದುಂಟು. ಉಳಿದದ್ದರಲ್ಲಿ 27,000 ಕಣ್ಣಿಗೆ ಬೀಳದ ಕೆಲಸಕ್ಕೆ, ಎಂದರೆ ಹೊಗೆಗೊಳವೆ, ಮೋರಿ, ನಳ, ವಿದ್ಯುತ್ತಿನ ತಂತಿ, ನೆಲದ ಗರಸುಗಳಿಗೆ. 15,000 ಕಟ್ಟೆಗೆ, ಫರಸಿಗೆ, ಮಾಡಗಳಿಗೆ. 12,000 ಗಿಲಾವು, ಬಣ್ಣ, ಬಾಗಿಲುಗಳಿಗೆ. ಊರೂರಿಗೆ ದರಗಳು ಬೇರೆಯಾದರೂ ಈ ಪ್ರಮಾಣವನ್ನು ತಲೆಕೆಳಗು ಮಾಡಬಾರದೆಂದು ನಮ್ಮ ಅಭಿಪ್ರಾಯ. ಹಣ ಸಾಲದಿದ್ದರೆ ಬಣ್ಣವನ್ನು ಮುಂದಿನ ವರ್ಷಕ್ಕೆ ಬಿಡಿರಿ. ಸಾಲ ಮಾತ್ರ ಮಾಡಬೇಡಿರಿ. ಬಿಲ್ಲೆಗಳು ಕಟ್ಟೆಯ ಮೇಲೆ ಎರಡಡಿಯಿದ್ದರೆ ಸಾಕು, ಚಾವಣಿಯವರೆಗೆ ಒಗ್ಗರಣೆ ಸಿಡಿಯುವದಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವದಕ್ಕಿಂತ ಸುಣ್ಣದ ಗಾರೆ ಮೇಲು; ಸಿಮೆಂಟು ಗೋಡೆಯ ತೇವವನ್ನು ಹೊರಗೆ ಬಿಡದೆ ಕಡೆಗೆ ತಾನೇ ಉದುರಿ ಬೀಳುವದು. ಹಳೆಯ ಶಹಾಬಾದ ಫರಸಿಯನ್ನು ಜೋಪಾನವಾಗಿ ಕಿತ್ತು, ಸವೆಯದ ಮಗ್ಗುಲನ್ನು ಮೇಲೆ ಮಾಡಿ ಹಾಸಬಹುದು.

ಒಡೆಯುವ ಕೆಲಸವನ್ನು ದಿನಗೂಲಿಯಿಂದಲೂ, ಕಟ್ಟೆ ಮತ್ತು ನೆಲವನ್ನು ಅಳತೆ ಬರೆದುಕೊಟ್ಟು ಗುತ್ತಿಗೆಯಿಂದಲೂ ಮಾಡಿಸುವದು ಅನುಕೂಲ. ಹಿಂಗಾರಿಯ ಜೋಳ, ಕಡಲೆಗಳು ಮನೆ ಸೇರಿ ಕೈಯಲ್ಲಿ ಹಣವಿರುವ ಫೆಬ್ರುವರಿ–ಮಾರ್ಚ ತಿಂಗಳುಗಳೇ ಈ ಕಾರ್ಯಕ್ಕೆ ತಕ್ಕವು. ಮಕ್ಕಳಿಗೆ ಸೂಟಿಯೆಂದು ಮೇ ತಿಂಗಳಿಗೆ ಮುಂದೂಡುವವರು ಒಂದನ್ನು ಮರೆಯುವರು: ಸಿಮೆಂಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು, ಮತ್ತು ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಮೇ ತಿಂಗಳಿನ ಕೊಡ ನೀರಿನ ಬೆಲೆ ಹೆಣ್ಣುಮಕ್ಕಳಿಗೇ ಗೊತ್ತು. ಅಲ್ಲಿಯವರೆಗೆ ಹಿತ್ತಲಲ್ಲಿ ಚಪ್ಪರ ಹಾಕಿ ಅಡಿಗೆ ನಡೆಯಿಸಿದರಾಯಿತು.

ಗೌಂಡಿಯನ್ನು ಕೇಳಿ ಕಟ್ಟೆಯ ಎತ್ತರವನ್ನು ಗೊತ್ತುಮಾಡುವ ಯಜಮಾನರಿಗೆ ನಮ್ಮದೊಂದು ವಿಜ್ಞಾಪನೆ. ಗೌಂಡಿಯು ಅಲ್ಲಿ ನಿಂತು ಅಡಿಗೆ ಮಾಡುವವನಲ್ಲ. ಅಡಿಗೆ ಮಾಡುವವಳನ್ನು ಗೋಡೆಗೆ ನಿಲ್ಲಿಸಿ, ಅವಳ ಮೊಳಕೈಗಿಂತ ನಾಲ್ಕೈದು ಅಂಗುಲ ಕೆಳಗೆ ಗೆರೆ ಎಳೆಯಿರಿ. ಹೆಚ್ಚುವ, ಬಳಿಯುವ ಕಟ್ಟೆ ಅಷ್ಟಿರಲಿ. ಒಲೆಯಿಡುವ ಭಾಗವು ಒಲೆಯ ಎತ್ತರದಷ್ಟು ಇನ್ನೂ ಕೆಳಗಿರಬೇಕು. ಅತ್ತೆ ಸೊಸೆಯರ ಎತ್ತರ ಬೇರೆಯಾಗಿದ್ದರೆ, ಹೆಚ್ಚು ಹೊತ್ತು ನಿಲ್ಲುವವಳ ಅಳತೆಯನ್ನೇ ಹಿಡಿಯತಕ್ಕದ್ದು.

ಇಷ್ಟಾದರೂ ರೊಟ್ಟಿಯ ಮಾತು ಉಳಿಯುವದು. ನಿಂತು ಮಾಡುವ ಅಡಿಗೆಮನೆಯ ನಕ್ಷೆಯು ಜೋಳದ ರೊಟ್ಟಿಯನ್ನು ಅರಿಯದವರ ಕೈಯಿಂದ ಬಂದದ್ದು. ರೊಟ್ಟಿ ಬಡಿಯುವ ಪೆಟ್ಟಿಗೆ ಭುಜದ ಭಾರವು ಮೇಲಿನಿಂದ ಬೀಳಬೇಕು. ಎತ್ತರದ ಕಟ್ಟೆಯ ಮೇಲೆ ಹತ್ತಿಪ್ಪತ್ತು ರೊಟ್ಟಿ ಬಡಿದವಳಿಗೆ ರಾತ್ರಿ ತೋಳೆತ್ತಲು ಬಾರದು. ಆಗ ಅವಳು ಹೊಸ ಅಡಿಗೆಮನೆಯನ್ನು ಬಿಟ್ಟು, ಹಿತ್ತಲಿನ ಹೊಗೆಯೊಲೆಯ ಮುಂದೆ ಕೂಡ್ರುವಳು. ಆದದರಿಂದ ಕಿಡಿಕಿಯ ಹತ್ತಿರದ ಮೂಲೆಯಲ್ಲಿ, ಕೊಳವೆಯ ಒಲೆಯ ಪಕ್ಕಕ್ಕೆ, ಮಣೆಯ ಮೇಲೆ ಕುಳಿತು ಬಡಿಯುವಂತೆ ಒಂದು ಗೇಣು ಎತ್ತರದ ಸಣ್ಣ ಕಟ್ಟೆಯನ್ನು ಮಾಡಿಸಿರಿ. ಅದಕ್ಕೆ ಬೇಕಾದದ್ದು ಹಳೆಯ ನೆಲದಿಂದ ಕಿತ್ತ ಒಂದು ಫರಸಿ ಮತ್ತು ಗೌಂಡಿಯ ಅರ್ಧ ದಿನದ ಕೂಲಿ.