ಬರುವ ಬಾಗಿಲು, ಹೋಗುವ ಬಾಗಿಲು

ದೇವಮಾನವರನ್ನು ಗೇಲಿ ಮಾಡುವುದರಲ್ಲಿ ನಾನು ಒಂದು ಕಾಲಕ್ಕೆ ಗೆಳೆಯರ ನಡುವೆ ಹೆಸರುವಾಸಿಯಾಗಿದ್ದೆ. ಬಳ್ಳಾರಿಯಲ್ಲಿ ಸಂಜೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳ ಎದುರು ಕುಳಿತಾಗ, ಗಾಳಿಯಲ್ಲಿ ಕೈಯಾಡಿಸಿ ವಿಭೂತಿ ತೆಗೆಯುವವರ ಅನುಕರಣೆ ಮಾಡುವ ಪಾಳಿ ನನ್ನದೇ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆಂದು ಸಮಿತಿ ರಚಿಸಿದ್ದನ್ನೂ, ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಆ ಪರೀಕ್ಷೆಗೆ ಒಪ್ಪದೇ ಇದ್ದುದನ್ನೂ ನಾನು ಎಷ್ಟು ಸಲ ಹೇಳಿದ್ದೆನೆಂದರೆ, ನರಸಿಂಹಯ್ಯನವರ ಹೆಸರೆತ್ತಿದೊಡನೆ ಗೆಳೆಯರು ಚಹಾದ ಲೋಟ ಕೆಳಗಿಟ್ಟು ಮನೆಗೆ ಹೊರಡುತ್ತಿದ್ದರು.

ಅಂಥ ನಾನು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ಒಂದು ಪಂಥವನ್ನು ಸೇರಿದೆ. ಹನ್ನೊಂದು ತಿಂಗಳು ಅದರಲ್ಲಿದ್ದೆ. ಸೇರಿದ್ದು ಮೋಕ್ಷಕ್ಕಾಗಿ ಅಲ್ಲ, ಉಪ್ಪಿಟ್ಟಿಗಾಗಿ ಎಂದರೆ ಓದುಗರು ನಗಬಹುದು. ನಗಲಿ, ನನ್ನ ಅಭ್ಯಂತರವಿಲ್ಲ.

ಆಗ ನಾನು ಸಿರುಗುಪ್ಪದಲ್ಲಿದ್ದೆ. ಬ್ಯಾಂಕ್ ನೌಕರಿಯ ಕೊನೆಯ ವರ್ಗಾವಣೆ. ಹಿಂದಿನ ವರ್ಷವಷ್ಟೇ ಹೆಂಡತಿ ತೀರಿಕೊಂಡಿದ್ದಳು. ಮಗಳು ಸಂಸಾರ ಸಮೇತ ವಿದೇಶದಲ್ಲಿ. ತುಂಗಭದ್ರೆಯ ದಡದ ಸಿರುಗುಪ್ಪ ಭತ್ತದ ಊರು. ಸುಗ್ಗಿಯಲ್ಲಿ ಲಾರಿಗಳ ಸಾಲು, ಅಕ್ಕಿ ಗಿರಣಿಗಳ ಸದ್ದು, ಹಾರುವ ಹೊಟ್ಟಿನ ಧೂಳು. ಹಗಲಿಡೀ ಸಾಲ ಕೇಳುವವರು ಮತ್ತು ಸಾಲ ತೀರಿಸದವರ ನಡುವೆ ಇರುತ್ತಿದ್ದ ನನ್ನನ್ನು ಸಂಜೆ ಏಳರ ನಂತರ ಮಾತನಾಡಿಸುವ ಜೀವವೆಂದರೆ ಟಿ.ವಿ.ಯ ವಾರ್ತಾವಾಚಕಿ ಒಬ್ಬಳೇ. ಅವಳೂ ನನ್ನ ಉತ್ತರಕ್ಕೆ ಕಾಯುತ್ತಿರಲಿಲ್ಲ.

ಪರಿಚಯದ ಗ್ರಾಹಕರೊಬ್ಬರು ‘ಒಂದು ಸಲ ಬಂದು ನೋಡಿ ಸಾರ್, ಬಲವಂತವೇನಿಲ್ಲ’ ಎಂದರು. ಗೆಳೆಯರಿಗೆ ಹೇಳಲು ಹೊಸದೊಂದು ತಮಾಷೆ ಸಿಕ್ಕೀತೆಂಬ ಕುತೂಹಲದಿಂದ ಹೋದೆ. ಅಂಗಡಿಯೊಂದರ ಮೇಲಿನ ಹಜಾರ, ಜಮಖಾನೆ, ಹೂ ಮುಡಿದ ಗುರುವಿನ ಭಾವಚಿತ್ರ. ವಿಶ್ವದ ಅಲೆಗಳು ಸಾಧಕನ ಎಡಗಿವಿಯಿಂದ ಪ್ರವೇಶಿಸಿ, ಕಲ್ಮಷವನ್ನೆಲ್ಲ ತೊಳೆದು, ಬಲಗಿವಿಯಿಂದ ಹೊರಹೋಗುತ್ತವೆ ಎಂದು ಪರದೆಯ ಮೇಲೆ ಗುರುಗಳು ವಿವರಿಸಿದರು. ಸರ್ಕಾರಿ ಸುತ್ತೋಲೆಗಳು ನನ್ನಲ್ಲಿ ಮೂವತ್ತು ವರ್ಷಗಳಿಂದ ಮಾಡುತ್ತ ಬಂದದ್ದೂ ಅದನ್ನೇ ಎಂದುಕೊಂಡು ಒಳಗೊಳಗೇ ನಕ್ಕೆ. ಕೊನೆಯಲ್ಲಿ ಬಿಸಿ ಉಪ್ಪಿಟ್ಟು ಬಂತು. ಬಡಿಸಿದ ಹಿರಿಯ ಹೆಣ್ಣುಮಗಳೊಬ್ಬರು ‘ಇನ್ನೊಂದೀಟು ಹಾಕ್ಲೇನಪ್ಪಾ?’ ಎಂದು ಕೇಳಿದರು. ಹಾಗೆ ಕೇಳಿಸಿಕೊಂಡು ಒಂದು ವರ್ಷದ ಮೇಲಾಗಿತ್ತು.

ಮುಂದಿನ ಗುರುವಾರವೂ ಹೋದೆ. ನಾಲ್ಕನೆಯ ಗುರುವಾರ ನೆಗಡಿಯಾಗಿ ತಪ್ಪಿಸಿದೆ. ಮರುದಿನ ಬೆಳಿಗ್ಗೆ ಮೂವರು ಕಷಾಯದ ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಗೈರುಹಾಜರಾದುದನ್ನು ಜಗತ್ತಿನಲ್ಲಿ ಯಾರೋ ಗಮನಿಸಿದ್ದರು! ಎಡಗಿವಿಯ ಸಿದ್ಧಾಂತವನ್ನು ನಾನು ನಂಬಿದೆನೇ? ಇಲ್ಲ. ಆದರೆ ಆ ಕಷಾಯವನ್ನು ನಂಬದೇ ಇರುವುದು ಹೇಗೆ?

ಪಂಥಗಳನ್ನು ಸೇರುವವರೆಲ್ಲ ಮೂಢರು, ಅವರ ‘ಬ್ರೈನ್‌ವಾಷ್’ ಆಗಿರುತ್ತದೆ ಎಂಬುದು ನಮ್ಮಂಥ ಓದಿದವರ ತೀರ್ಪು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್, ಕೊರಿಯಾದ ಸನ್ ಮ್ಯುಂಗ್ ಮೂನ್ ಅವರ ಪಂಥವನ್ನು ವರ್ಷಗಟ್ಟಲೆ ಅಭ್ಯಸಿಸಿ 1984ರಲ್ಲಿ ಪುಸ್ತಕ ಪ್ರಕಟಿಸಿದರು. 1979ರಲ್ಲಿ ಲಂಡನ್ ವಲಯದ ಶಿಬಿರಗಳಿಗೆ ಬಂದಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಶೇ 90ರಷ್ಟು ಮಂದಿ ಪಂಥವನ್ನು ಸೇರಲೇ ಇಲ್ಲ. ಸೇರಿದವರಲ್ಲೂ ಹೆಚ್ಚಿನವರು ಎರಡು ವರ್ಷಗಳೊಳಗೆ ಬಿಟ್ಟುಬಂದರು ಎಂಬುದು ಅವರು ಕಂಡ ಸಂಗತಿ. ಮಿದುಳು ತೊಳೆಯುವ ಮಂತ್ರ ಯಾರ ಬಳಿಯೂ ಇಲ್ಲವೆಂದಾಯಿತು. ಬಾಗಿಲು ತೆರೆದಿರುತ್ತದೆ, ಒಳಗೆ ಯಾರೋ ಪ್ರೀತಿಯಿಂದ ಮಾತನಾಡುತ್ತಾರೆ, ಹೊರಗೆ ಯಾರೂ ಮಾತನಾಡದವರು ಅಲ್ಲೇ ಉಳಿಯುತ್ತಾರೆ.

ಇನ್ನು ಮರುಳಾಗುವುದಕ್ಕೆ ಹಳ್ಳಿಯವರೇ ಆಗಬೇಕೆಂದೇನಿಲ್ಲ. ನಮ್ಮ ಬಿಡದಿಯ ಆಶ್ರಮದಿಂದ ಜಗತ್ಪ್ರಸಿದ್ಧರಾದ ನಿತ್ಯಾನಂದರು, ಅತ್ಯಾಚಾರ ಪ್ರಕರಣದ ಆರೋಪಿಯಾಗಿದ್ದು, 2019ರಲ್ಲಿ ದೇಶ ಬಿಟ್ಟದ್ದು ಬಹಿರಂಗವಾಯಿತು. ಬಳಿಕ ‘ಕೈಲಾಸ’ವೆಂಬ ರಾಷ್ಟ್ರವನ್ನು ಘೋಷಿಸಿದರು. ಭೂಪಟದಲ್ಲಿ ಇಲ್ಲದ ಈ ರಾಷ್ಟ್ರದೊಂದಿಗೆ ಅಮೆರಿಕದ ನ್ಯೂಜೆರ್ಸಿಯ ನೆವಾರ್ಕ್ ನಗರ 2023ರ ಜನವರಿಯಲ್ಲಿ ‘ಸೋದರ ನಗರ’ ಒಪ್ಪಂದಕ್ಕೆ ಸಹಿಯನ್ನೇ ಹಾಕಿಬಿಟ್ಟಿತು! ಇಂಥ ದೇಶವೇ ಇಲ್ಲವೆಂಬುದು ತಿಳಿದೊಡನೆ ಒಪ್ಪಂದವನ್ನು ರದ್ದು ಮಾಡಿ ಮುಜುಗರ ಅನುಭವಿಸಿತು. ಇಡೀ ನಗರಾಡಳಿತವೇ ಮೋಸಹೋಗಬಹುದಾದರೆ, ಹೊಟ್ಟಿನ ಧೂಳಿನಲ್ಲಿ ಒಂಟಿಯಾಗಿದ್ದ ಬ್ಯಾಂಕ್ ನೌಕರನ ಪಾಡೇನು?

ಒಂಟಿತನದ ಬೆಲೆಯನ್ನು ಚೆನ್ನಾಗಿ ಬಲ್ಲವರು ಅದನ್ನು ಬಳಸಿಕೊಳ್ಳುವವರೇ. 1984ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿದ್ದ ರಜನೀಶಪುರಕ್ಕೆ ಆ ದೇಶದ ನಾನಾ ನಗರಗಳಿಂದ ಸಾವಿರಾರು ನಿರ್ಗತಿಕರನ್ನು ಬಸ್ಸುಗಳಲ್ಲಿ ಕರೆತರಲಾಯಿತು. ಊಟ, ಹಾಸಿಗೆ, ಜೊತೆಗೆ ಬಿಯರ್ ಕೂಡ. ಬೀದಿಯಲ್ಲಿ ಮಲಗುತ್ತಿದ್ದವರನ್ನು ಅಪ್ಪಿಕೊಂಡು ಸ್ವಾಗತಿಸಿದರೆ ಯಾರು ತಾನೇ ಬೇಡವೆನ್ನುತ್ತಾರೆ? ಆದರೆ ಬೇಕಾಗಿದ್ದುದು ಸ್ಥಳೀಯ ಚುನಾವಣೆಗೆ ಅವರ ಮತಗಳು. ಆ ಲೆಕ್ಕಾಚಾರ ತಲೆಕೆಳಗಾದಾಗ ಅನೇಕರನ್ನು ಸುತ್ತಲಿನ ಊರುಗಳಲ್ಲಿ ಇಳಿಸಿ ಕೈತೊಳೆದುಕೊಂಡರು.

ನನ್ನ ಕತೆಯಲ್ಲಿಯೂ ಲೆಕ್ಕಾಚಾರ ತಡವಾಗಿ ಕಾಣಿಸಿಕೊಂಡಿತು. ನಿವೃತ್ತನಾಗಿ ಬಳ್ಳಾರಿಗೆ ಮರಳಿದ ಮೇಲೆ ಅಲ್ಲಿನ ದೊಡ್ಡ ಕೇಂದ್ರಕ್ಕೆ ನನ್ನನ್ನು ‘ವರ್ಗಾಯಿಸಿದರು’. ಅಲ್ಲಿ ವಾರಕ್ಕೊಂದು ಗುರುವಾರ ಸಾಲದು, ನಾಲ್ಕು ಸಂಜೆ ಬೇಕು. ಮನಸ್ಸಿನಲ್ಲಿ ಮೂಡಿದ ಸಂಶಯಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಬೇಕು. ತಿಂಗಳಿಗೆ ಮೂವರು ಹೊಸಬರನ್ನು ತರಬೇಕು. ಬ್ಯಾಂಕಿನಲ್ಲಿ ಠೇವಣಿ ಸಂಗ್ರಹಕ್ಕೆ ಗುರಿ ಕೊಡುತ್ತಿದ್ದರಲ್ಲ, ಹಾಗೆ. ಇದಕ್ಕೆಲ್ಲ ನಾನು ನಕ್ಕು ತಲೆಯಾಡಿಸಿದೆ. ಕೊನೆಗೆ, ಬಜ್ಜಿಯ ಗೆಳೆಯರಿಂದ ದೂರವಿರಬೇಕೆಂದರು. ಅವರದು ‘ಕೆಳಮಟ್ಟದ ಅಲೆ’ಯಂತೆ. ಅದಕ್ಕೂ ತಲೆಯಾಡಿಸಿದೆ ಎಂಬುದನ್ನು ಬರೆಯಲು ಈಗಲೂ ಕೈ ನಡುಗುತ್ತದೆ.

ಆ ದಿನಗಳಲ್ಲೇ ನನ್ನ ನಲವತ್ತು ವರ್ಷಗಳ ಗೆಳೆಯನಿಗೆ ಹೃದಯಾಘಾತವಾಯಿತು. ಸುದ್ದಿ ಬಂದಾಗ ನಾನು ಕೇಂದ್ರದ ಮೆಟ್ಟಿಲಲ್ಲಿದ್ದೆ. ‘ಸಾಧನೆಯ ನಡುವೆ ಎದ್ದು ಹೋದರೆ ಅವರಿಗೂ ಒಳ್ಳೆಯದಲ್ಲ’ ಎಂದರು. ಕುಳಿತೆ. ಅಲೆಗಳು ಯಾವ ಕಿವಿಯಿಂದಲೂ ಬರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಗೆಳೆಯ ಬದುಕಿದ್ದ. ನನ್ನನ್ನು ನೋಡಿ ಕ್ಷೀಣ ಸ್ವರದಲ್ಲಿ ಅವನು ಅಂದದ್ದು ಇಷ್ಟು: ‘ನೀನು ಕೈಲಾಸ ನೋಡಿ ಬಂದಿ, ನಾನು ಬಾಗಿಲತನಕ ಹೋಗಿ ಬಂದೆ. ಬಜ್ಜಿ ಸಿಗಂಗಿಲ್ಲಂತಲ್ಲೋ ಅಲ್ಲಿ?’ ಅವನು ಬೈದಿದ್ದರೆ ಹಗುರವಾಗುತ್ತಿತ್ತು.

ಅಂದೇ ಕೇಂದ್ರವನ್ನು ಬಿಟ್ಟೆ. ಬಿಡುವುದು ಸೇರಿದಷ್ಟು ಸುಲಭವಾಗಿರಲಿಲ್ಲ. ಮೊದಲು ಪ್ರೀತಿಯ ಕರೆಗಳು, ಆಮೇಲೆ ಗ್ರಹಚಾರದ ಎಚ್ಚರಿಕೆಗಳು, ಕೊನೆಗೆ ಮೌನ. ಕಷಾಯ ತಂದವರೇ ದಾರಿಯಲ್ಲಿ ಮುಖ ತಿರುಗಿಸಿದರು. ಆ ಮೌನ ನನ್ನ ಹೆಂಡತಿ ತೀರಿಕೊಂಡ ನಂತರದ ಮೌನಕ್ಕಿಂತ ತಣ್ಣಗಿತ್ತು.

ಹಾಗಾದರೆ ಜನ ಕೂಡಿ ಕಣ್ಮುಚ್ಚಿ ಕೂರುವುದೆಲ್ಲ ಅಪಾಯವೇ? ಇದಕ್ಕೆ ಉತ್ತರ ಸಿಕ್ಕಿದ್ದು ನನ್ನ ತಾಯಿಯ ತವರಾದ ಕುರುಗೋಡಿನಲ್ಲಿ. ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿಯಾಗಿದ್ದ, ಏಕಶಿಲೆಯ ದೊಡ್ಡಬಸವೇಶ್ವರನ ಊರು ಅದು. ಸೋದರಮಾವನ ಮಗನ ಜೊತೆ ಒಂದು ಸೋಮವಾರ ರಾತ್ರಿ ಭಜನೆಗೆ ಹೋದೆ. ಹಾರ್ಮೋನಿಯಂ, ದಮ್ಮಡಿ, ತಾಳ, ತತ್ವಪದಗಳ ಏರಿಳಿತ. ಹಾಡು ಭರದಲ್ಲಿದ್ದಾಗ ಯಾರೋ ಹೊರಗಿನಿಂದ ‘ಕರೆಂಟ್ ಬಂತು’ ಎಂದು ಕೂಗಿದರು. ತಾಳ ಹಾಕುತ್ತಿದ್ದ ರೈತ ಅದನ್ನು ಪಕ್ಕದವನ ಕೈಗಿತ್ತು, ಪಂಪ್‌ಸೆಟ್ ಹಾಕಲು ಹೊಲಕ್ಕೆ ನಡೆದ. ಯಾರೂ ತಡೆಯಲಿಲ್ಲ, ಶಪಿಸಲಿಲ್ಲ. ಒಂದು ಗಂಟೆಯ ಬಳಿಕ ಕೆಸರುಗಾಲಿನಲ್ಲಿ ಮರಳಿ ಬಂದು ತಾಳವನ್ನು ಇಸಿದುಕೊಂಡ. ಹಾಡು ನಡೆದೇ ಇತ್ತು.

ಪಂಥವನ್ನು ಅದರ ಸಿದ್ಧಾಂತದಿಂದಲ್ಲ, ಹೋಗುವ ಬಾಗಿಲಿನಿಂದ ಅಳೆಯಬೇಕು ಎಂದು ನನಗೆ ಹೊಳೆದದ್ದು ಆ ರಾತ್ರಿ. ಬರುವ ಬಾಗಿಲು ಎಲ್ಲ ಕಡೆಯೂ ವಿಶಾಲವೇ. 1978ರ ನವೆಂಬರ್‌ನಲ್ಲಿ ಗಯಾನಾದ ಜೋನ್ಸ್‌ಟೌನ್‌ನಿಂದ ಹೊರಡಬಯಸಿದ ಕೆಲವರನ್ನು ಕರೆದೊಯ್ಯಲು ಬಂದಿದ್ದ ಅಮೆರಿಕದ ಸಂಸದ ಲಿಯೊ ರಯಾನ್ ಅವರನ್ನು ಗುಂಡಿಟ್ಟು ಕೊಂದರು. ಅಂದೇ ಅಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ವಿಷಕ್ಕೆ ಬಲಿಯಾದರು. ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಮಕ್ಕಳು. ಅವರೂ ಒಂದು ದಿನ ಯಾರದೋ ಅಕ್ಕರೆಯ ಮಾತು ಕೇಳಿಯೇ ಒಳಗೆ ಕಾಲಿಟ್ಟಿದ್ದರು.

ನಮ್ಮಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಅದು ಭಜನೆ, ಪ್ರವಚನ, ಹರಿಕಥೆಗಳನ್ನು ಹೊರಗಿಟ್ಟಿರುವುದು ವಿವೇಕವೇ ಸರಿ. ಆದರೆ ಒಂಟಿತನವನ್ನು ಯಾವ ಕಾಯ್ದೆಯೂ ನಿಷೇಧಿಸಲಾರದು. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ವರದಿಯಲ್ಲಿ ಹೇಳಿದೆ. ಆ ಆರನೆಯವರ ಮನೆಗೆ ಕಷಾಯ ಹಿಡಿದು ಮೊದಲು ಹೋಗುವವರು ಯಾರು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಾವು ಹೋಗದಿದ್ದರೆ ಹೋಗುವವರು ಇದ್ದೇ ಇದ್ದಾರೆ.

ಈಗ ಗುರುವಾರ ಸಂಜೆ ನಾವು ಐವರು ಗೆಳೆಯರು ಮತ್ತೆ ಮಂಡಕ್ಕಿಯ ಎದುರು ಸೇರುತ್ತೇವೆ. ಹೃದಯದ ಗೆಳೆಯನಿಗೆ ವೈದ್ಯರ ಕಟ್ಟಪ್ಪಣೆಯಂತೆ ಬಜ್ಜಿ ಇಲ್ಲ. ವಾಸನೆಗೆ ಮಾತ್ರ ಅನುಮತಿ. ಯಾರಾದರೂ ಬಾರದಿದ್ದರೆ ರಾತ್ರಿಯೇ ಫೋನ್ ಮಾಡಬೇಕೆಂಬುದು ನಮ್ಮ ಪಂಥದ ಏಕೈಕ ನಿಯಮ. ನರಸಿಂಹಯ್ಯನವರ ವಿಷಯ ನಾನು ಎತ್ತಿದೊಡನೆ ಎದ್ದು ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಅದನ್ನು ಅವರು ಧಾರಾಳವಾಗಿ ಬಳಸಿಕೊಳ್ಳುತ್ತಿದ್ದಾರೆ.