ಹಳೆಯ ಜಾಲ, ಹೊಸ ಬೆನ್ನೆಲುಬು: ಕಚೇರಿಯ ಗಣಕಗಳಲ್ಲಿ ಕನ್ನಡ ಅಕ್ಷರದ ಪ್ರಯಾಣ

ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೊರಟ ರೈಲು ಮಟಮಾರಿಯನ್ನು ಹಾಯ್ದು ತುಂಗಭದ್ರೆಯನ್ನು ದಾಟುತ್ತದೆ. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಗಳು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿ. ಎರಡು ಕಂಪನಿಗಳ ಹಳಿಗಳ ಅಂತರವೂ ಒಂದೇ ಆಗಿದ್ದುದರಿಂದ ಅಲ್ಲಿ ಹಳಿಗೆ ಹಳಿ ಸೇರಿತು. ಗುಂತಕಲ್ಲಿನ ಸಂಗತಿ ಬೇರೆ. ಹುಬ್ಬಳ್ಳಿ, ಬಳ್ಳಾರಿಗಳ ಕಡೆಯಿಂದ ಬಂದ ಮೀಟರ್‌ಗೇಜ್ ಹಳಿ ಅಲ್ಲಿ ಬ್ರಾಡ್‌ಗೇಜನ್ನು ಸಂಧಿಸುತ್ತಿದ್ದುದರಿಂದ, 1990ರ ದಶಕದಲ್ಲಿ ಹಳಿಗಳು ಪರಿವರ್ತನೆಯಾಗುವವರೆಗೂ ಸರಕನ್ನು ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಹಳೆಯ ಕಚೇರಿಯೊಂದರ ಗಣಕಜಾಲವನ್ನು ನಾಡಿನ ಅಥವಾ ದೇಶದ ಬೆನ್ನೆಲುಬು ಜಾಲಕ್ಕೆ ಜೋಡಿಸುವ ಕಾರ್ಯವು ರಾಯಚೂರಿನ ಕೂಡುವಿಕೆಗಿಂತ ಹೆಚ್ಚಾಗಿ ಗುಂತಕಲ್ಲಿನ ಈ ಇಳಿಸಿ ಏರಿಸುವ ಕೆಲಸವನ್ನೇ ಹೋಲುತ್ತದೆ. ಆ ಕೆಲಸದಲ್ಲಿ ಕನ್ನಡದ ಅಕ್ಷರಗಳಿಗೆ ಏನಾಯಿತು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1990ರ ದಶಕದ ಕಚೇರಿಯ ಜಾಲವೆಂದರೆ ಸಾಮಾನ್ಯವಾಗಿ ಗಣಕದಿಂದ ಗಣಕಕ್ಕೆ ಹಾಯ್ದುಹೋದ ಒಂದೇ ತಾಮ್ರದ ಕೇಬಲ್ಲು. ಅದರ ಉದ್ದ 185 ಮೀಟರಿನೊಳಗಿರಬೇಕು. ಅದಕ್ಕೆ ಜೋಡಿಸಬಹುದಾದ ಯಂತ್ರಗಳು ಹೆಚ್ಚೆಂದರೆ 30. ಎಲ್ಲಿಯಾದರೂ ಒಂದು ಕೊಂಡಿ ಸಡಿಲವಾದರೆ ಇಡೀ ಜಾಲವೇ ಮೌನ. ಅಂತಹ ಅನೇಕ ಜಾಲಗಳು ನೋವೆಲ್ ಕಂಪನಿಯ ನೆಟ್‌ವೇರ್ ತಂತ್ರಾಂಶದಿಂದ ನಡೆಯುತ್ತಿದ್ದು, ಅವುಗಳ ಸಂವಹನ ನಿಯಮ ಐಪಿಎಕ್ಸ್ ಎಂಬುದಾಗಿತ್ತು. ಬೆನ್ನೆಲುಬು ಜಾಲದ ನಿಯಮವಾದರೋ ಟಿಸಿಪಿ/ಐಪಿ. ಒಂದರ ವಿಳಾಸ ಪದ್ಧತಿ ಇನ್ನೊಂದಕ್ಕೆ ತಿಳಿಯದು. ಆದುದರಿಂದ ಜೋಡಣೆಗೆ ಮೂರು ಮಾರ್ಗಗಳಿದ್ದವು: ನಡುವೆ ದುಭಾಷಿಯಂತೆ ಒಂದು ಗಣಕವನ್ನಿರಿಸುವುದು, ಹಳೆಯ ನಿಯಮದ ಪೊಟ್ಟಣವನ್ನು ಹೊಸ ನಿಯಮದ ಲಕೋಟೆಯೊಳಗಿಟ್ಟು ಕಳುಹಿಸುವುದು, ಇಲ್ಲವೆ ಪ್ರತಿಯೊಂದು ಯಂತ್ರಕ್ಕೂ ಹೊಸ ನಿಯಮವನ್ನೇ ಕಲಿಸಿ ಹಳೆಯದನ್ನು ಕ್ರಮೇಣ ಕೈಬಿಡುವುದು. ಹೆಚ್ಚಿನ ಕಡೆ ಕೊನೆಗೆ ನಡೆದದ್ದು ಮೂರನೆಯದೇ. ಎರಡು ಕಚೇರಿಗಳು ತಮ್ಮ ಗಣಕಗಳಿಗೆ ಒಂದೇ ಖಾಸಗಿ ಸಂಖ್ಯೆಗಳನ್ನು ಕೊಟ್ಟುಕೊಂಡಿದ್ದರೆ ಕೂಡುವ ದಿನ ಗೊಂದಲ ತಪ್ಪಿದ್ದಲ್ಲ. ಆಗ ಹೊಸದಾಗಿ ಸಂಖ್ಯೆ ಕೊಡಬೇಕು, ಇಲ್ಲವೆ ಬಾಗಿಲಲ್ಲಿ ವಿಳಾಸ ಬದಲಿಸುವ ರೌಟರನ್ನು ಕೂರಿಸಬೇಕು. ಇವೆಲ್ಲ ಇಂಜಿನಿಯರರು ಬಗೆಹರಿಸಬಲ್ಲ ಸಮಸ್ಯೆಗಳು.

ಕರ್ನಾಟಕದ ನಿದರ್ಶನವನ್ನು ತೆಗೆದುಕೊಂಡರೆ, ಪಹಣಿಗಳ ಗಣಕೀಕರಣದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು 2002ರ ಹೊತ್ತಿಗೆ ಗಣಕಕ್ಕೆ ಏರಿಸಲಾಗಿತ್ತು. ಆರಂಭದಲ್ಲಿ ಒಂದೊಂದು ತಾಲ್ಲೂಕಿನ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇರುತ್ತಿತ್ತು. 15 ರೂಪಾಯಿ ಕೊಟ್ಟು ಪಹಣಿ ಪಡೆಯಲು ಮಟಮಾರಿಯ ರೈತ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆಯೇ ನಿಲ್ಲಬೇಕಾಗಿತ್ತು. ಪಹಣಿ ಬೇರೆಡೆಯೂ ದೊರೆಯಬೇಕಾದರೆ ಈ ಬಿಡಿ ದ್ವೀಪಗಳನ್ನು ಕೂಡಿಸುವುದು ಅಗತ್ಯವಾಯಿತು. ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಕೇಂದ್ರ ಸರ್ಕಾರ 2005ರ ಮಾರ್ಚಿನಲ್ಲಿ ಒಪ್ಪಿಗೆ ನೀಡಿದಾಗ, ರಾಜಧಾನಿಯಿಂದ ತಾಲ್ಲೂಕು ಮಟ್ಟದವರೆಗೆ ಕನಿಷ್ಠ 2 ಎಂಬಿಪಿಎಸ್ ವೇಗವನ್ನು ಗೊತ್ತುಪಡಿಸಿತು. ವಿಶ್ವವಿದ್ಯಾಲಯಗಳಿಗಾಗಿ ರಾಷ್ಟ್ರೀಯ ಜ್ಞಾನಜಾಲ 2010ರಲ್ಲಿ ಮಂಜೂರಾಯಿತು. ಗ್ರಾಮ ಪಂಚಾಯಿತಿಗಳಿಗೆ ದ್ಯುತಿತಂತುವನ್ನು ಒಯ್ಯುವ ಯೋಜನೆ 2011ರದು. ಹಳಿಗಳ ಪಕ್ಕದಲ್ಲಿಯೇ ದ್ಯುತಿತಂತುವನ್ನು ಎಳೆಯಲೆಂದು ರೈಲ್ವೆಯು 2000ದಲ್ಲಿ ರೈಲ್‌ಟೆಲ್ ಸಂಸ್ಥೆಯನ್ನು ಹುಟ್ಟುಹಾಕಿದ್ದನ್ನು ಆನುಷಂಗಿಕವಾಗಿ ಇಲ್ಲಿ ನೆನೆಯಬಹುದು.

ದಾರಿಯೇನೋ ಸಿದ್ಧವಾಯಿತು. ಆದರೆ ಜಾಲವು ಸಾಗಿಸುವುದು ಅಕ್ಷರಗಳನ್ನಲ್ಲ, ಸಂಖ್ಯೆಗಳನ್ನು. ಮೊಹರು ಹಾಕಿದ ಲಕೋಟೆಯೊಳಗಿನ ಪತ್ರ ಯಾವ ಲಿಪಿಯಲ್ಲಿದೆ ಎಂಬುದನ್ನು ಅಂಚೆಯವನು ನೋಡುವುದಿಲ್ಲ. ರೌಟರಿನದೂ ಅದೇ ಧರ್ಮ. ಹಳೆಯ ಕಚೇರಿಯ ಎಲ್ಲ ಗಣಕಗಳಲ್ಲಿಯೂ ಒಂದೇ ಅಕ್ಷರಶೈಲಿ, ಅಂದರೆ ಫಾಂಟು, ಇದ್ದುದರಿಂದ ಸಂಖ್ಯೆಗಳಿಗೆ ಅಲ್ಲಿ ಒಂದೇ ಅರ್ಥವಿತ್ತು. ನುಡಿ, ಬರಹ, ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳ ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ನುಡಿಯಲ್ಲಿ ‘ಕ’ ಎಂಬುದು ಒಂದು ಸಂಕೇತವಲ್ಲ, ಎರಡು: ತಲೆಕಟ್ಟಿಲ್ಲದ ರೂಪಕ್ಕೆ 80, ತಲೆಕಟ್ಟಿಗೆ 192. ಈ 80 ನಿಜವಾಗಿ ರೋಮನ್ ಲಿಪಿಯ ‘ಪಿ’ ಅಕ್ಷರದ ಮನೆ. ಎಂಟು ಬಿಟ್ಟುಗಳಲ್ಲಿ ಏಳನ್ನು ಮಾತ್ರ ಸಾಗಿಸುತ್ತಿದ್ದ ಹಳೆಯ ಮಿಂಚಂಚೆ ದ್ವಾರದ ಮೂಲಕ ಈ ಪತ್ರ ಹಾಯ್ದರೆ 192ರಲ್ಲಿ 128 ಕಳೆದು 64 ಉಳಿಯುತ್ತದೆ. ಅದು ‘ಅಟ್’ ಚಿಹ್ನೆಯ ಸಂಖ್ಯೆ. ಹೀಗೆ ತಲೆಕಟ್ಟುಗಳೆಲ್ಲ ವಿಳಾಸದ ಚಿಹ್ನೆಗಳಾಗಿ ಅತ್ತ ಇಳಿಯುತ್ತವೆ!

ಯೂನಿಕೋಡ್ ಈ ಸಮಸ್ಯೆಯನ್ನು ಬೇರೆ ನೆಲೆಯಿಂದ ನೋಡಿತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಅಲ್ಲಿ ಆಕೃತಿಗಲ್ಲ, ಅಕ್ಷರಕ್ಕೆ ಸಂಖ್ಯೆ, ‘ಕ’ಕಾರಕ್ಕೆ 3221. ಕಣ್ಣಿಗೆ ಕಾಣುವ ಕ್ರಮದಲ್ಲಲ್ಲದೆ ಉಚ್ಚಾರದ ಕ್ರಮದಲ್ಲಿ ಅಕ್ಷರಗಳನ್ನು ಇರಿಸುವುದು ಅದರ ನಿಯಮ. ವರ್ಣ ಮತ್ತು ಲಿಪಿಗಳ ಭೇದವನ್ನು ವ್ಯಾಕರಣದಲ್ಲಿ ಪಾಠ ಹೇಳುವ ನಮಗೆ ಇದು ಹೊಸತೇನಲ್ಲ. ತೊಡಕಿರುವುದು ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಹಂತದಲ್ಲಿ. ನುಡಿಯಲ್ಲಿ ಅರ್ಕಾವತ್ತು, ನಾವು ಕೈಯಲ್ಲಿ ಬರೆಯುವಂತೆಯೇ, ವ್ಯಂಜನದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರೇಫ ವ್ಯಂಜನಕ್ಕಿಂತ ಮೊದಲು. ಪರಿವರ್ತಕ ತಂತ್ರಾಂಶ ಈ ಸ್ಥಾನಪಲ್ಲಟವನ್ನು ಮರೆತರೆ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ. ಇದನ್ನು ಬೆರಳಚ್ಚುಗಾರರ ಅಜ್ಞಾನವೆಂದು ಹೀಗಳೆಯುವವರುಂಟು. ಎಷ್ಟೋ ಸಂದರ್ಭಗಳಲ್ಲಿ ಅದು ಬೆರಳಚ್ಚುಗಾರರ ತಪ್ಪಲ್ಲ, ಬಂಡಿ ಬದಲಿಸುವಾಗ ಸರಕು ಮಗುಚಿದ್ದು.

ಇದಕ್ಕಿಂತ ಅಪಾಯಕರವಾದುದು ಕಣ್ಣಿಗೆ ಕಾಣದ ದೋಷ. ‘ಕೀ’ ಎಂಬುದನ್ನು ಹಳೆಯ ಫಾಂಟು ‘ಕಿ’ ಮತ್ತು ದೀರ್ಘದ ಚಿಹ್ನೆಗಳೆಂದು ಬೇರೆಬೇರೆಯಾಗಿ ಇಡುತ್ತಿತ್ತು. ಪರಿವರ್ತಕವು ಅವನ್ನು ಬೆಸೆಯದೆ ಹಾಗೆಯೇ ಬಿಟ್ಟರೆ ಪರದೆಯ ಮೇಲೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ. ‘ಕೀರ್ತನೆ’ ಎಂಬ ಒಂದೇ ಪದದಲ್ಲಿ ಎರಡೂ ಅಪಾಯಗಳಿರುವುದು ಗಮನಾರ್ಹ: ದೀರ್ಘ ಬೆಸೆಯದೆ, ರೇಫ ಸ್ಥಾನ ತಪ್ಪಿ, ‘ಕೀತರ್ನೆ’ಯಾದ ಪಠ್ಯವನ್ನು ಯಾವ ಶೋಧವೂ ಮುಟ್ಟಲಾರದು. ಮಾನ್ವಿಯ ಜಗನ್ನಾಥದಾಸರೇ ಮೊದಲಾದ ಹರಿದಾಸರ ಸೀಮೆಯ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಇದು ಸಣ್ಣ ನಷ್ಟವಲ್ಲ.

ಸಂಶೋಧನೆಗಾಗಿ ಹಿರಿಯರೊಬ್ಬರಿಂದ ನನಗೆ ದೊರೆತ ಫ್ಲಾಪಿಯೊಂದರಲ್ಲಿ ತತ್ವಪದಗಳ ಕ್ಷೇತ್ರಕಾರ್ಯದ ಕಡತಗಳಿದ್ದವು. ತೆರೆದಾಗ ಕಂಡದ್ದು ರೋಮನ್ ಚಿಹ್ನೆಗಳ ಸಾಲುಗಳು. ಕಡತ ಕೆಟ್ಟಿರಲಿಲ್ಲ, ಅದರ ಒಂದು ಸಂಖ್ಯೆಯೂ ಕಳೆದಿರಲಿಲ್ಲ. ಯಾವ ಫಾಂಟಿನಲ್ಲಿ ಬೆರಳಚ್ಚಾಗಿದೆ ಎಂಬ ಒಂದು ಸಾಲಿನ ಟಿಪ್ಪಣಿ ಇಲ್ಲದಿದ್ದುದರಿಂದ ಎರಡು ವಾರ ಫಾಂಟುಗಳನ್ನು ಒಂದೊಂದಾಗಿ ಹೊಂದಿಸಿ ನೋಡಬೇಕಾಯಿತು.

ರಾಯಚೂರು ಪ್ರದೇಶಕ್ಕೆ ಇಂತಹ ಜೋಡಣೆ ಮೊದಲನೆಯದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಸೇರಿದಾಗ, ನಿಜಾಮರ ಕಾಲದಿಂದ ಉರ್ದುವಿನಲ್ಲಿ ನಡೆದುಬಂದಿದ್ದ ದಫ್ತರವೂ ದೊಡ್ಡ ವ್ಯವಸ್ಥೆಯೊಂದಕ್ಕೆ ಕೂಡಿಕೊಂಡಿತು. ಅಲ್ಲಿಯೂ ಲಿಪಿ ಬದಲಾಯಿತು. ಹೆಸರುಗಳು ಉರ್ದುವಿನಿಂದ ಕನ್ನಡಕ್ಕೆ ಬರುವಾಗ ಹ್ರಸ್ವ ದೀರ್ಘಗಳು ಸಡಿಲಗೊಂಡವು. ಆದರೆ ಮೂಲ ಕಾಗದ ಕಪಾಟಿನಲ್ಲಿದ್ದಲ್ಲಿ ಸಂಶಯ ಬಂದಾಗ ತೆಗೆದುನೋಡಲು ಅವಕಾಶವಿರುತ್ತದೆ. ಗಣಕದಲ್ಲಿ ಪರಿವರ್ತನೆಯಾದ ಕೂಡಲೇ ಮೂಲ ಕಡತವನ್ನು ಅಳಿಸುವ ಅಭ್ಯಾಸ ಆ ಅವಕಾಶವನ್ನೇ ಇಲ್ಲವಾಗಿಸುತ್ತದೆ.

ನಮ್ಮ ವಿಭಾಗಗಳಿಗೆ ಈ ಪ್ರಶ್ನೆ ನೇರವಾಗಿ ತಟ್ಟುವುದು ಪ್ರಬಂಧಗಳ ಮೂಲಕ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯ ತರುವಾಯ ಪಿಎಚ್.ಡಿ. ಪ್ರಬಂಧಗಳು ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ಕ್ಕೆ ಸೇರುತ್ತಿವೆ. ಹಳೆಯ ಫಾಂಟಿನಲ್ಲಿ ಸಿದ್ಧವಾಗಿ ಪಿಡಿಎಫ್ ಆದ ಕನ್ನಡ ಪ್ರಬಂಧವನ್ನು ಅಲ್ಲಿ ಓದಬಹುದು, ಮುದ್ರಿಸಬಹುದು. ಆದರೆ ಅದರೊಳಗಿನ ಒಂದು ಕನ್ನಡ ಪದವನ್ನು ಹುಡುಕಲಾಗದು. ಬೆನ್ನೆಲುಬು ಜಾಲಕ್ಕೆ ಅದು ತಲುಪಿದ್ದರೂ ಶೋಧದ ಮಟ್ಟಿಗೆ ಬೀಗ ಹಾಕಿದ ಪೆಟ್ಟಿಗೆ. ಹಳೆಯ ಪ್ರಬಂಧಗಳ ಮೂಲ ಕಡತ, ಫಾಂಟಿನ ಹೆಸರು ಮತ್ತು ಆವೃತ್ತಿ, ಪರಿವರ್ತಿತ ಪ್ರತಿ ಈ ಮೂರನ್ನೂ ಒಟ್ಟಿಗೆ ಉಳಿಸುವುದು ವಿಭಾಗಗಳೇ ಮಾಡಬಹುದಾದ ಕೆಲಸ. ಕರಡು ತಿದ್ದುವಾಗ ಅರ್ಕಾವತ್ತು, ದೀರ್ಘಗಳ ಜೊತೆಗೆ ಹಳಗನ್ನಡದ ‘ಱ’, ‘ೞ’ಗಳನ್ನೂ ಪರೀಕ್ಷಿಸಬೇಕಾಗುತ್ತದೆ. ‘ೞ’ಕಾರಕ್ಕೆ ಯೂನಿಕೋಡ್ ಕೋಷ್ಟಕದಲ್ಲಿ ಇಂದಿಗೂ ‘ಫ’ ಎಂಬ ತಪ್ಪು ಹೆಸರಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಯಂತ್ರವು ಹೆಸರನ್ನು ನೋಡದೆ 3294 ಎಂಬ ಸಂಖ್ಯೆಯನ್ನಷ್ಟೇ ನೋಡುವುದರಿಂದ ಪಂಪನ ಪಠ್ಯಕ್ಕೆ ಅದರಿಂದ ಬಾಧೆಯಿಲ್ಲ.