ಕಾರಿನೊಳಗಿನ ದೀಪ

ಕಾರಿನ ಬಾಗಿಲನ್ನು ತೆರೆದೊಡನೆ ಒಳಗಿನ ದೀಪವು ತಾನಾಗಿಯೇ ಬೆಳಗುವುದನ್ನು ನೀವು ನೋಡಿರಬಹುದು. ಅನೇಕ ಕಾರುಗಳಲ್ಲಿ ಇದರ ಮರ್ಮವು ಬಾಗಿಲ ಚೌಕಟ್ಟಿನಲ್ಲಿರುವ ಒಂದು ಪುಟ್ಟ ಗುಂಡಿಯಲ್ಲಿ ಅಡಗಿದೆ. ಬಾಗಿಲು ಮುಚ್ಚಿದಾಗ ಗುಂಡಿಯು ಒಳಸರಿದು ವಿದ್ಯುನ್ಮಂಡಲವು ಕಡಿಯುತ್ತದೆ; ತೆರೆದಾಗ ಸ್ಪ್ರಿಂಗು ಗುಂಡಿಯನ್ನು ಹೊರದೂಡಿ ಮಂಡಲವನ್ನು ಪೂರ್ಣಗೊಳಿಸುತ್ತದೆ. 12 ವೋಲ್ಟಿನ ಬ್ಯಾಟರಿಯ ಧನಾಗ್ರದಿಂದ ಹೊರಟ ವಿದ್ಯುತ್ತು ಫ್ಯೂಸು, ದೀಪ, ಗುಂಡಿಗಳನ್ನು ಹಾದು, ಕಾರಿನ ಉಕ್ಕಿನ ಒಡಲ ಮೂಲಕವೇ ಋಣಾಗ್ರಕ್ಕೆ ಮರಳುತ್ತದೆ. ಆದುದರಿಂದ ಮರಳುದಾರಿಗೆ ಬೇರೆ ತಂತಿಯು ಬೇಕಾಗುವುದಿಲ್ಲ.

ಬಾಗಿಲು ಸರಿಯಾಗಿ ಮುಚ್ಚದಿದ್ದರೇನಾಗುವುದು? 10 ವ್ಯಾಟಿನ ದೀಪವು ಸುಮಾರು 0.8 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತಲೇ ಇರುತ್ತದೆ. 40 ಆಂಪಿಯರ್-ಗಂಟೆಯ ಬ್ಯಾಟರಿಯು ಎರಡು ದಿನಗಳಲ್ಲಿ ಬರಿದಾಗುತ್ತದೆ. ಆಗ ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೂ ಎಂಜಿನ್ನು ಚಾಲನೆಗೊಳ್ಳದು. ಈ ಕಾರಣದಿಂದಲೇ ಇಂದಿನ ಎಷ್ಟೋ ಕಾರುಗಳಲ್ಲಿ ದೀಪವನ್ನು ಕೆಲಹೊತ್ತಿನ ಬಳಿಕ ತಾನೇ ಆರಿಸುವ ಏರ್ಪಾಡು ಇರುತ್ತದೆ.